ಬಿರಿ

ಹಿದ್ದ್‌ನ ಹಡಗು ರಿಪೇರಿ ಯಾರ್ಡು. ಆಗಸ್ಟಿನ ರಾತ್ರಿ ಒಂದು ಗಂಟೆ.
ಗಾಳಿಯೆಂದರೆ ಯಾರೋ ಹಿಂಡದೆ ಬಿಟ್ಟ ಬಟ್ಟೆ.
ಕ್ರೇನಿನ ಮೇಲೆ, ನೆಲದಿಂದ ಹದಿನಾಲ್ಕು ಮೀಟರು,
ಪ್ಯಾನೆಲ್ಲಿನ ಬಾಗಿಲು ತೆರೆದು ಕೂತಿದ್ದೇವೆ
ನಾನು, ಡಂಬರ್ ಥಾಪಾ, ಅವನ ಹಲ್ಲಿನ ನಡುವೆ ಟಾರ್ಚು.

ದೂರು ಇಷ್ಟೇ: ಹೊಸ ಡ್ರೈವ್ ಕೂರಿಸಿ ಒಂಬತ್ತು ದಿನ,
ಅಂದಿನಿಂದ ಎತ್ತುವಾಗ ಗಡಗಡ,
ಇಳಿಸುವಾಗ ಸುಟ್ಟ ವಾಸನೆ.
ನಿನ್ನೆ ಪ್ರೊಪೆಲ್ಲರ್ ಒಂದು ಗೇಣು ಜಾರಿತಂತೆ.
ಗೇಣು ತಾನೇ, ಅಂದರು ಆಫೀಸಿನಲ್ಲಿ.
ಕೆಳಗೆ ನಿಂತಿದ್ದವನನ್ನು ಕೇಳಬೇಕು ಗೇಣಿನ ಅಳತೆ.

ಈ ಬ್ರೇಕಿನ ಸ್ವಭಾವ ಸ್ವಲ್ಪ ತಿರುಗುಮುರುಗು.
ಕರೆಂಟು ಬಂದರೆ ಬಿಡುತ್ತದೆ, ಹೋದರೆ ಹಿಡಿಯುತ್ತದೆ.
ಒಳಗಿರುವುದು ಸ್ಪ್ರಿಂಗು, ಅದಕ್ಕೆ ಗೊತ್ತಿರುವುದು
ಒತ್ತುವುದೊಂದೇ.
ಬಿಡಿಸಲು ಸುರುಳಿಗೆ ಪೂರ್ತಿ ವೋಲ್ಟೇಜು ಬೇಕು.
ಅರೆಬರೆ ಕೊಟ್ಟರೆ ಅತ್ತ ಬಿಡದು, ಇತ್ತ ಹಿಡಿಯದು,
ಲೈನಿಂಗ್ ತೇಯುತ್ತ ಕೂರುತ್ತದೆ.

ಡ್ರೈವ್ ಕೊಡುವುದೇ ಅರೆಬರೆ.
ಸೊನ್ನೆಯಿಂದ ಹೊರಟು, ತುಂಬುಬಸುರಿ ಮೆಟ್ಟಿಲು ಹತ್ತಿದ ಹಾಗೆ
ಐವತ್ತು ಹರ್ಟ್ಸ್ ಮುಟ್ಟುವುದೇ ಅದರ ಜಾಣತನ.
ಆ ತಂತಿಗೇ ಕಟ್ಟಿದ್ದಾರೆ ಬ್ರೇಕನ್ನು,
ಮೋಟರಿನ ಟರ್ಮಿನಲ್ಲಿಗೇ.

ಯಾವ ಕತ್ತೆ, ಅಂದೆ. ಕನ್ನಡದಲ್ಲೇ ಅಂದೆ.
ಡಂಬರ್ ನಕ್ಕ. ಬೈಗುಳಕ್ಕೆ ಅನುವಾದ ಬೇಡ.

ಕಳಚಲು ಹೋದಾಗ ಕಂಡಿತು,
ತಂತಿಯ ಹಳದಿ ತೋಳಿನ ಮೇಲೆ ಮಾಸಿದ ಶಾಯಿಯ ೭.
ಪಕ್ಕದಲ್ಲಿ ೮.
ಬೆವರು ಕಣ್ಣಿಗಿಳಿಯಿತು ಅಂದುಕೊಂಡು ಒರೆಸಿ ನೋಡಿದೆ.
ತೆಲುಗಿನವನೂ ಇರಬಹುದು,
ಅಂಕಿಯಲ್ಲಿ ಅವರಿಗೂ ನಮಗೂ ದಾಯಾದಿ ಹೋಲಿಕೆ.
ಕೇಬಲ್ಲಿನ ಕೊರಳ ಚೀಟಿ ತಿರುಗಿಸಿದೆ:
ಬಿರಿ.

ಹರಿಹರದ ಹಳೇ ಲಾರಿಯವರ ಮಾತು.
ಬಿರಿ ಹಾಕು. ಬಿರಿ ಸಡಿಲಾಗಿದೆ. ಇಳಿಜಾರು, ಬಿರಿ ನೋಡ್ಕೊ.
ಅವರು ಹೋದ ಮೇಲೆ ಯಾರ ಬಾಯಲ್ಲೂ ಕೇಳಿರಲಿಲ್ಲ.
ಮೊಗ್ಗು ಮಾಡುವುದೂ ಅದೇ, ಕಾದ ನೆಲ ಮಾಡುವುದೂ ಅದೇ.
ಹಿಡಿಯುವುದಕ್ಕೂ ತೆರೆಯುವುದಕ್ಕೂ ಒಂದೇ ಮಾತು
ಒದಗಿ ಬಂದದ್ದು ಹೇಗೋ, ನನಗೆ ತಿಳಿಯದು.

ಕೆಳಗೆ ಇಸವಿ ೧೯೯೪. ಹೆಸರಿಲ್ಲ.
ಸ್ಟೋರಿನ ಸುಗುಣನ್‌ಗೆ ಫೋನು ಮಾಡಿ ಎಬ್ಬಿಸಿದೆ.
ಒಬ್ಬ ಪಾಂಡೋಜಿ ಇದ್ದ, ಅಥವಾ ಪರಸೋಜಿ,
ಉಪ್ಪಿನಕಾಯಿ ಯಾರಿಗೂ ಕೊಡುತ್ತಿರಲಿಲ್ಲ, ಅಂದ.
ಅಷ್ಟೇ.

ಆಗ ಈ ಕ್ರೇನಿಗೆ ಡ್ರೈವ್ ಎಲ್ಲಿತ್ತು.
ಕಾಂಟ್ಯಾಕ್ಟರ್ ಬಡಿದರೆ ಪೂರ್ತಿ ನಾನೂರ ಹದಿನೈದು,
ಮೋಟರಿಗೂ ಬ್ರೇಕಿಗೂ ಒಂದೇ ಏಟಿಗೆ.
ಅವನು ಕಟ್ಟಿದ್ದು ಸರಿಯಾಗಿಯೇ ಇತ್ತು.
ಮೂವತ್ತು ವರ್ಷ ಸರಿಯಾಗಿಯೇ ಇತ್ತು.
ಒಂಬತ್ತು ದಿನದ ಹಿಂದೆ ತಪ್ಪಾಯಿತು.
ಕತ್ತೆಯನ್ನು ಹಿಂದಕ್ಕೆ ತಗೊಂಡೆ.

ಆಮೇಲಿನದು ಕೆಲಸ. ಬ್ರೇಕಿಗೆ ಬೇರೆ ಫೀಡು,
ಅದರದೇ ಕಾಂಟ್ಯಾಕ್ಟರು, ಅದಕ್ಕೆ ಅಪ್ಪಣೆ ಕೊಡಲು ಡ್ರೈವಿನ ರಿಲೇ.
ಮೊದಲು ಟಾರ್ಕ್ ಹುಟ್ಟಲಿ, ಭಾರ ಮೋಟರಿನ ಹೆಗಲಿಗೆ ಬರಲಿ,
ಆಮೇಲೆ ಬಿಡು, ಎಂದು ಪ್ಯಾರಾಮೀಟರಿನಲ್ಲಿ ಬರೆದೆ.
ನಿಲ್ಲುವಾಗ, ಸ್ಪ್ರಿಂಗು ಕಚ್ಚುವ ತನಕ ನೀನು ಕೈಬಿಡಬೇಡ:
ಮುನ್ನೂರು ಮಿಲಿಸೆಕೆಂಡು.
ಹೊಸ ತೋಳುಗಳಲ್ಲಿ ಪ್ರಿಂಟರಿನ 7, 8.
ಹಳೇ ಚೀಟಿ ಬಿಸಾಡಲಿಲ್ಲ, ಹೊಸ ಕೇಬಲ್ಲಿಗೇ ಕಟ್ಟಿದೆ.

ಮೂರೂ ಮುಕ್ಕಾಲು. ಮುಹರ್ರಕ್ ಕಡೆಯಿಂದ ಬಾಂಗಿನ ಮೊದಲ ದನಿ.
ಐದು ಟನ್ನಿನ ಚುಕ್ಕಾಣಿ ಎತ್ತಿಸಿದೆ,
ಕೆಳಗೆ ಯಾರೂ ಇಲ್ಲವೆಂದು ಮೂರು ಸಲ ಕೂಗಿಸಿದೆ,
ಅದು ನಡುಗಾಳಿಯಲ್ಲಿರುವಾಗ
ಮೇನ್ ಸ್ವಿಚ್ಚನ್ನೇ ಎಳೆದೆ.

ಕತ್ತಲು. ಪ್ಯಾನೆಲ್ಲಿನ ಫ್ಯಾನು ಉಸಿರು ಬಿಟ್ಟು ನಿಂತಿತು.
ಟಪ್ ಎಂದಿತು ಎಲ್ಲೋ,
ಟ್ರಂಕಿನ ಬೀಗದಷ್ಟು ಸಣ್ಣ ಸದ್ದು.
ಡಂಬರ್ ಬಾಯಿಂದ ಟಾರ್ಚು ತೆಗೆದು ಕೆಳಗೆ ಬಿಟ್ಟ ಬೆಳಕಿನಲ್ಲಿ
ಚುಕ್ಕಾಣಿ ಅಲ್ಲೇ.
ಹಗ್ಗದ ಗುಂಟ ಗ್ರೀಸಿನ ಒಂದು ಹನಿ ಮಾತ್ರ
ಇಳಿಯುತ್ತಿತ್ತು, ತನ್ನಷ್ಟಕ್ಕೆ.