ಮಂಚಯ್ಯನ ಮೂರು ಚೆಂಡು

ಮಂಡ್ಯದ ಆಸ್ಪತ್ರೆ, ಎದೆರೋಗದ ವಾರ್ಡು,
ಗೋಡೆ ಪಕ್ಕದ ಮಂಚ.
ನರ್ಸಮ್ಮ ಅಪ್ಪನ ಕೈಗಿತ್ತಳು ಒಂದು ಪ್ಲಾಸ್ಟಿಕ್ ಗೂಡು,
ಒಳಗೆ ನೀಲಿ ಚೆಂಡು ಮೂರು, ಹೊರಗೊಂದು ಕೊಳವೆ.
ಅಪ್ಪ ಬಾಯಿಗಿಟ್ಟ, ಕೆನ್ನೆ ಉಬ್ಬಿಸಿದ,
ಊದಿದ.

"ಊದಬ್ಯಾಡಿ ಯಜಮಾನ್ರೆ, ಎಳ್ಕೊಳಿ."

ಮೂವತ್ತಾರು ವರ್ಷ ಆಲೆಮನೆಯ ಒಲೆಬಾಯಲ್ಲಿ ಕೂತವನು,
ಕೊಪ್ಪರಿಗೆಯ ಹಾಲು ಕುದಿಯುವ ಸದ್ದಿಗೇ
ಉರಿ ಎಷ್ಟು ಬೇಕೆಂದು ಹೇಳುತ್ತಿದ್ದವನು.
ಊದುವುದೊಂದೇ ಗೊತ್ತು ಅವನಿಗೆ.
"ಏನನ್ನವ್ವಾ ಎಳ್ಕೊಳಾದು?" ಅಂದ.
ನರ್ಸಮ್ಮ ನಕ್ಕಳು. ಅವನು ನಗಲಿಲ್ಲ.

ಮೊದಲು ರಚ್ಚು ಇತ್ತು.
ಬೆಳಿಗ್ಗೆ ಅಂಗಳದ ತುಂಬ ಹರಡಿದರೆ
ಸಂಜೆಗೆ ಗರಿಗರಿ. ಅದರ ಹೊಗೆ ಬೆಳ್ಳಗೆ,
ಕಣ್ಣು ಉರಿ ಅಷ್ಟೆ, ತಲೆಗೂದಲಲ್ಲಿ ಬೆಲ್ಲದ ವಾಸನೆ;
ಅವ್ವ ಅದನ್ನು ಮೂಸಿಯೇ ಕದ ತೆಗೆಯುತ್ತಿದ್ದಳು.

ಆಮೇಲೆ ಮಳೆಗೆ ಲೆಕ್ಕ ತಪ್ಪಿತು.
ಹುಬ್ಬೆ, ಉತ್ತರೆ, ಯಾವ ಹೆಸರಿಗೂ ಓಗೊಡದ ಮಳೆ
ಧನುರ್ಮಾಸದಲ್ಲಿ ಮೂರು ಹಗಲು ಹುಯ್ದು
ರಚ್ಚಿನ ಮೆದೆಯ ಮೇಲೆ ಅಣಬೆ ಎದ್ದವು.
ಕಡಿದ ಕಬ್ಬು ಕಾಯುವುದಿಲ್ಲ, ಹಾಲು ಹುಳಿಯುತ್ತದೆ.
ಸಾಹುಕಾರ ಲಾರಿ ತರಿಸಿದ:
ಸವೆದ ಟೈರು, ಚಪ್ಪಲಿ ಕಾರ್ಖಾನೆಯ ಚೂರುಪಾರು.
ಉರಿ ಹತ್ತಿತು ನೋಡಿ, ಎಂಥಾ ಉರಿ!
ಮರುವರ್ಷ ಮಳೆ ಬರಲಿಲ್ಲ,
ಲಾರಿ ಬಂತು.

ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಎಳೆಗಳು,
ಅಂಗನವಾಡಿ ಮಕ್ಕಳ ಮೂಗಿನಲ್ಲಿ ಕಾಡಿಗೆ.
ಅಕ್ಕನ ಮಗಳು ಸಿಂಚನ, ನಾಲ್ಕು ವರ್ಷ,
ಅವಳ ಚೀಲದಲ್ಲಿ ಬಳಪದ ಪಕ್ಕ
ಉಸಿರಿನ ಪಂಪು.

ಡಾಕ್ಟರು ಕೇಳಿದರು: ಬೀಡಿ ಎಷ್ಟು?
"ಮುಟ್ಟಿಲ್ಲ ಸ್ವಾಮಿ."
ನಂಬದೆ ಎಕ್ಸ್‌ರೇ ಎತ್ತಿ ಕಿಟಕಿಗೆ ಹಿಡಿದರು.
ಚೀಟಿಯಲ್ಲಿ ಬರೆದರು, ಕಸುಬು: ಕೂಲಿ.
ಆ ಎರಡಕ್ಷರದೊಳಗೆ ಟೈರು ಎಲ್ಲಿ ಹಿಡಿಸೀತು?

ಶಿವರಾತ್ರಿಗೂ ಮೊದಲೇ ಈ ಸೆಕೆ.
ಫ್ಯಾನು ಬಿಸಿಗಾಳಿಯನ್ನು ಕದಡುತ್ತಿದೆ, ಪಾಕದ ಹಾಗೆ.
ಸಂಜೆ ಸಾಹುಕಾರ ಬಂದ. ಕೆಟ್ಟವನಲ್ಲ,
ಅವನಿಗೂ ಕೆಮ್ಮು. ಎರಡು ಕೆಜಿ ಬೆಲ್ಲ ತಂದಿದ್ದ,
ಚಿನ್ನದ ಬಣ್ಣ.
ಅಪ್ಪ ಒಂದು ಚೂರು ಬಾಯಿಗಿಟ್ಟು ಮೆಲ್ಲಗೆ ಅಂದ:
"ಪಾಕ ಒಂದೀಟು ಮೀರೈತೆ ಕನಪ್ಪ,
ಒಲೆ ತಾವ ಯಾರವ್ರೆ ಈಗ?"
"ನಿನ್ ತಂಗಿ ಮಗ."
ಅಪ್ಪ ಮತ್ತೆ ಕೊಳವೆ ಎತ್ತಿಕೊಂಡ.

ಮೊದಲ ಚೆಂಡು ಎದ್ದಿತು, ನಡುಗಿತು, ಬಿತ್ತು.

ರಾತ್ರಿ ವಾರ್ಡು ಮಲಗಿದ ಮೇಲೆ
ಕೊಳವೆ ತೊಳೆದು ನಾನೂ ಬಾಯಿಗಿಟ್ಟೆ, ಸುಮ್ಮನೆ.
ನನಗೆ ಇಪ್ಪತ್ತೊಂಬತ್ತು. ಒಲೆ ಮುಂದೆ ಕೂತವಳಲ್ಲ,
ಎರಡು ಬೀದಿ ಆಚೆ, ಹೊಲಿಗೆ ಮಿಷನ್ನಿನ ಮುಂದೆ.
ಒಂದು ಎದ್ದಿತು. ಎರಡು ಎದ್ದಿತು.
ಮೂರನೆಯದು ತಳದಲ್ಲೇ ಕೂತು
ನನ್ನನ್ನು ನೋಡುತ್ತಿತ್ತು.

ನಿದ್ದೆಯಲ್ಲಿದ್ದಾನೆ ಅಂದುಕೊಂಡಿದ್ದೆ.
ಕಣ್ಣು ಮುಚ್ಚಿಕೊಂಡೇ ಅಂದ:
"ಊದಬ್ಯಾಡ ಕನವ್ವ, ಎಳ್ಕೊ."