ಬಾಗಿಲು ಮುಚ್ಚಿದ ಮೇಲೆ

ಪೈವಳಿಕೆಯ ನಮ್ಮ ಮನೆಯಲ್ಲಿ ಇಬ್ಬರದ್ದೂ
ಲೆಕ್ಕದ ಕೆಲಸ.
ಅಮ್ಮನಿಗೆ ಸಾವಿರಕ್ಕಿಷ್ಟು ಎಂದು ಬೀಡಿ,
ನನಗೆ ಗಂಟೆಗಿಷ್ಟು ಎಂದು ಆಕಾಶ.

ರಾತ್ರಿ ಎರಡಕ್ಕೆ ಹಮೀದನ ಕಾರು
ತಿರುವಿನಲ್ಲೇ ದೀಪ ಆರಿಸಿ ನಿಲ್ಲುತ್ತದೆ,
ನೆರೆಮನೆಯ ನಾಯಿ ಏಳಬಾರದೆಂದು.
ಅಷ್ಟರಲ್ಲಿ ತುರುಬಿಗೆ ಬಲೆ ಬಿದ್ದು
ಹದಿನೆಂಟು ಪಿನ್ನು ಚುಚ್ಚಿ
ತುಟಿಗೆ ಕಂಪೆನಿ ಹೇಳಿದ ಕೆಂಪು ಏರಿರುತ್ತದೆ.
ಚಾಪೆಯಿಂದಲೇ ಅಮ್ಮನ ಸ್ವರ:
"ಇವತ್ತೆಷ್ಟು ಗಂಟೆ ಕಟ್ಲಿಕ್ಕುಂಟು?"

ತಲಪಾಡಿಯ ಗೇಟು ದಾಟಿದ್ದಕ್ಕೆ ಲೆಕ್ಕವಿಲ್ಲ.
ನೇತ್ರಾವತಿಯ ಸೇತುವೆ ಮೇಲೆ, ಕುಲುಕುವ ಕನ್ನಡಿಯಲ್ಲಿ
ಹುಬ್ಬು ತಿದ್ದಿದ್ದಕ್ಕೆ ಲೆಕ್ಕವಿಲ್ಲ.
ಉಗುರು, ಹಿಮ್ಮಡಿ, ಕಾಲ್ಚೀಲದ ಎಳೆ
ಮೇಲಿನವಳು ಬಾಗಿ ಬಾಗಿ ನೋಡುವಾಗ
ನೆನಪಾಗುವುದು ಬ್ರಾಂಚಿನ ಐತಪ್ಪಣ್ಣ:
ಕಟ್ಟಿನಿಂದ ಒಂದು ಬೀಡಿ ಎಳೆದು, ಹಿಚುಕಿ, ಮೂಸಿ,
ತಲೆ ಸರಿ ಮಡಚಲಿಲ್ಲವೆಂದು
ಇಡೀ ಕಟ್ಟನ್ನೇ ಬದಿಗೆ ಸರಿಸುವವನು.
ಸರಿಸಿದ್ದನ್ನು ಸಂಜೆ ಅವನೇ ಸೇದುತ್ತಾನೆ,
ಅದು ಬೇರೆ ಮಾತು.

ಎದೆಯ ತಗಡಿನಲ್ಲಿ ವಾರಿಜಾ ಎಂದಿದೆ, ಇಂಗ್ಲಿಷಿನಲ್ಲಿ.
ವರೀಜ ಎಂದರು, ವಾರಿಯಾ ಎಂದರು,
ಒಬ್ಬ ಮುದುಕ ಕನ್ನಡಕ ಏರಿಸಿ ಓದಿ
ವೆರಿ ಗುಡ್ ಎಂದ.

ಜುಲೈ. ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ
ಏಳುವುದು ಅದರ ಮರ್ಜಿ.
ನೂರ ಎಪ್ಪತ್ತು ಜನ ಕೂತಾಗಿದೆ,
ಬಾಗಿಲು ತೆರೆದೇ ಇದೆ.
ಬಾಗಿಲು ತೆರೆದಿರುವಷ್ಟು ಹೊತ್ತು
ನಾನು ಕೆಲಸದಲ್ಲಿ ಇಲ್ಲ.
ಕಾಗದದಲ್ಲಿ ಹಾಗೇ ಬರೆದಿದೆ, ನಾನೇ ಸಹಿ ಹಾಕಿದ್ದು:
ಚಕ್ರಕ್ಕಿಟ್ಟ ಅಡೆ ತೆಗೆದು ವಿಮಾನ ಅಲುಗಬೇಕು,
ಗಡಿಯಾರ ಹುಟ್ಟುವುದು ಆಮೇಲೆ.
ಹಾಗಾದರೆ ಈ ನೀರು ಹಂಚುತ್ತಿರುವವಳು ಯಾರು?
ಹನ್ನೆರಡನೇ ಸಾಲಿನ ಬೈಗುಳಕ್ಕೆ ನಗುತ್ತಿರುವವಳು?
ಇಪ್ಪತ್ತೊಂದರ ಮಗುವಿನ ವಾಂತಿ ಒರೆಸಿ
ಕೈ ಮೂಸಿ ನೋಡಿಕೊಂಡವಳು?
ಎರಡೂವರೆ ಗಂಟೆ ಯಾರೋ
ನನ್ನ ಬಟ್ಟೆ ಹಾಕಿಕೊಂಡು ಓಡಾಡಿದಳು.
ಕಾಲು ಮಾತ್ರ ನನ್ನದು ನೋಯುತ್ತಿದೆ.

ಇಪ್ಪತ್ತೇಳನೇ ಸಾಲು, ಕಿಟಕಿ.
ಹೊಸ ಅಂಗಿಯ ಮಡಿಕೆ ಇನ್ನೂ ಬಿಡದ ಹುಡುಗ,
ಶಾರ್ಜಾಕ್ಕೆ ಮೊದಲ ಸಲ.
ಬೆಲ್ಟಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದು
ಹಿಂದಿಯ ಘೋಷಣೆ ಮುಗಿಯಲೆಂದು ಕಾದ,
ಇಂಗ್ಲಿಷಿನದ್ದೂ ಮುಗಿಯಿತು.
ಬಾಗಿ ಸಿಕ್ಕಿಸಿಕೊಟ್ಟೆ. ಮುಖ ನೋಡಲಿಲ್ಲ ಅವನು.
ಬೆರಳುಗಳು ಮಾತ್ರ ತಮ್ಮ ಪಾಡಿಗೆ
ಹರಿದ ಪಾಸಿನ ತುಂಡನ್ನು ಸುತ್ತುತ್ತಿದ್ದವು,
ಬಿಗಿಯಾಗಿ, ಒಂದು ಕಡೆ ಸಪೂರ,
ಕೊನೆಗೆ ಹೆಬ್ಬೆರಳ ಉಗುರಿನಿಂದ
ತಲೆ ಒಳಗೆ ಮಡಚಿ.
ಊರು ಕೇಳುವುದು ಬೇಕಾಗಲಿಲ್ಲ.
"ಲಾಯ್ಕಾಯ್ತು, ಐತಪ್ಪಣ್ಣನೂ ತೆಗೀಲಿಕ್ಕಿಲ್ಲ" ಎಂದೆ.
ಮುಷ್ಟಿ ಮುಚ್ಚಿಕೊಂಡ, ಕದ್ದವನ ಹಾಗೆ.
ಆಮೇಲೆ ಸಮುದ್ರ ಬರುವವರೆಗೂ ಕೆಳಗೆ ನೋಡುತ್ತ
ನಗುತ್ತಲೇ ಇದ್ದ.

ಪರದೆಯ ಹಿಂದೆ, ಶೌಚದ ಬಾಗಿಲಿಗೆ ಭುಜ ತಾಗಿಸಿ,
ಮುಚ್ಚಳದಲ್ಲೇ ಉಪ್ಪಿಟ್ಟು ತಿಂದೆ, ನಿಂತುಕೊಂಡು.
ಅದಕ್ಕೆ ಲೆಕ್ಕ ಉಂಟು. ಹಾರುತ್ತಿದ್ದೆವಲ್ಲ.

ಇಳಿದ ಮೇಲೆ ಮತ್ತೆ ಗಡಿಯಾರ ಸತ್ತು,
ಸೀಟಿನ ಜೇಬುಗಳಿಗೆ ಕೈ ಹಾಕುತ್ತ ಬಂದೆ:
ಅರ್ಧ ಕಚ್ಚಿದ ಹಲಸಿನ ಹಪ್ಪಳ,
ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು ಒಂದು.
ಇಪ್ಪತ್ತೇಳರಲ್ಲಿ ಏನೂ ಇರಲಿಲ್ಲ.
ಬೀಡಿ ಜೊತೆಗೇ ಇಳಿದು ಹೋಗಿತ್ತು.

ಸಂಜೆ, ಜಗಲಿ. ಮಡಿಲಲ್ಲಿ ತಡ್ಪೆ.
ಕತ್ತರಿ ನಿಲ್ಲಿಸದೆ ಅಮ್ಮ ತನ್ನ ದಿನ ಹೇಳುತ್ತಾಳೆ:
ಆರುನೂರ ಎಂಬತ್ತು, ಬ್ರಾಂಚಿನವರು ಕೊಟ್ಟ ಎಲೆ
ನೀರಿಗೆ ಹಾಕಿದರೆ ಬರೀ ತೂತು.
"ನಿಂದು?"
ಹೋಗಿ ಬಂದದ್ದು ಸೇರಿ ಏಳು ಗಂಟೆ ಹತ್ತು ನಿಮಿಷ.
"ರಾತ್ರಿ ಎರಡಕ್ಕೆ ಹೋದವಳು!"
ಬಾಯಲ್ಲಿದ್ದ ನೂಲು ತೆಗೆದು
ನನ್ನ ಊದಿದ ಪಾದವನ್ನೊಮ್ಮೆ ನೋಡಿ
ಕೇಳಿದಳು:
"ನಿಂಗೂ ಹಾಳೆಲೆಯೇ ಕೊಟ್ರಾ?"