ಕೊಂಡಿ

"ಇದ್ಯಾವ ದಡಿ?" ಅಂದಳು ಚಿಗವ್ವ ಗ್ರಾಫ್ ಹಾಳೆ ನೋಡಿ.
ಗೋಮಿಯಲ್ಲ, ಪರಾಸಪೇಟಿಯಲ್ಲ,
ಇಳಕಲ್ಲಿನ ಯಾವ ಮಗ್ಗವೂ ನೇಯದ ಗೀಟು.
ನಿನ್ನ ಕೈಯ ವೇಗ, ಅಂದೆ. ನಕ್ಕಳು, ಲಾಳಿ ಎಸೆದಳು.

ಹಾಳೆಯ ಮೇಲರ್ಧ: ನಿಮಿಷಕ್ಕೆಷ್ಟು ಹೊಕ್ಕು.
ಕೆಳಗರ್ಧ: ಈವರೆಗೆ ಒಟ್ಟು ಎಷ್ಟು.
ಹೂಲಗೇರಿ ಸರ್ ಹೇಳಿದ್ದು ಇಷ್ಟೇ,
ಮೇಲಿನ ಗೀಟಿನ ಕೆಳಗಿನ ಜಾಗ ಕೂಡಿಸುತ್ತ ಹೋಗು,
ಕೆಳಗಿನದು ತಾನೇ ಮೂಡುತ್ತದೆ.

ಏಳಕ್ಕೆ ನಲವತ್ತು. ಎಂಟಕ್ಕೆ ಐವತ್ತೆರಡು.
ಒಂಬತ್ತಕ್ಕೆ ಬಿಸಿಲು ಕುಣಿಗಿಳಿದು, ಸೊಂಟ ಹಿಡಿದು, ಮೂವತ್ತು.
ಮೇಲಿನ ಗೀಟು ಬಗ್ಗಿತು; ನಾನು ಕೆಳಗಿನದನ್ನೂ ಬಗ್ಗಿಸಿದೆ.
ಅವಳು ಮಗ್ಗದಿಂದಲೇ ಇಣುಕಿ,
"ನಾ ಏನ್ ಬಿಚ್ಚೀನೇನ? ಬಟ್ಟಿ ಹೆಂಗ ಸಣ್ಣದಾತು?"

ರಬ್ಬರಿನಿಂದ ಉಜ್ಜಿದೆ. ಹಾಳೆ ಅಲ್ಲಿ ಇನ್ನೂ ಮಾಸಲು.
ಕೈ ಸೋತರೂ ಬಟ್ಟೆ ಬೆಳೆಯುತ್ತದೆ,
ಸೋತಷ್ಟು ಸಾವಕಾಶ.

ಹತ್ತರ ಮೇಲೆ ನಿಜಕ್ಕೂ ಬಿಚ್ಚಿದಳು.
ದಡಿಯಲ್ಲಿ ಒಂದೆಳೆ ತಪ್ಪಿತ್ತು, ಆರು ಬೆರಳು ಹಿಂದೆ.
ಒಂದೊಂದೇ ಹೊಕ್ಕು ಹೊರಗೆಳೆದಳು,
ನೂಲು ಕೊಟ್ಟ ಸಾವುಕಾರನನ್ನು ಬೈಯುತ್ತ.
ಮೇಲಿನ ಗೀಟು ಸೊನ್ನೆಯ ಕೆಳಗೆ ಮುಳುಗಿತು.
ಅದು ಸೊನ್ನೆ ದಾಟಿದ ಗಳಿಗೆಯಲ್ಲೇ
ಕೆಳಗೆ ಗುಡ್ಡದ ನೆತ್ತಿ, ಆಮೇಲೆ ಇಳುಕಲು.
ಅತಿ ಜೋರಿದ್ದ ಎಂಟು ಗಂಟೆಯಲ್ಲಿ ನೆತ್ತಿ ಇರಲಿಲ್ಲ;
ಅಲ್ಲಿದ್ದದ್ದು ಏರು, ಎಲ್ಲಕ್ಕಿಂತ ಕಡಿದಾದ ಏರು.

"ಎಲ್ಲಿಂದ ಎಣಿಸೀದಿ?"
ಮುಂಜಾನಿಂದ.
"ಮತ್ತ ನಿನ್ನೀದು?"
ಉರುಳೆಗೆ ಸುತ್ತಿದ ಮೂರು ಮೊಳ ನನ್ನ ಲೆಕ್ಕದಲ್ಲಿರಲಿಲ್ಲ.
ಅಂದಾಜು ಹಿಡಿದು ಕೂಡಿಸಿದೆ. ಇಡೀ ಗೀಟು ಮೇಲೆದ್ದು ನಿಂತಿತು,
ಒಂದು ತಿರುವೂ ಬದಲಾಗದೆ.
ಬರೆಯದಿದ್ದರೆ ಸರ್ ಅರ್ಧ ಅಂಕ ಕಳೆಯುವ ಆ 'ಸಿ'
ಇಷ್ಟು ದಿನ ಇಲ್ಲೇ, ಕತ್ತಲಲ್ಲಿ, ಸುತ್ತಿಕೊಂಡು ಕೂತಿತ್ತು.

ಅವಳು ರೊಟ್ಟಿಗೆ ಏಳುವ ಮುಂಚೆ
ಕೊನೆಯ ಹೊಕ್ಕು ಹಾಯಿತು, ಹಲಗೆ ಬಡಿಯಿತು.
ಆಗ ಹೊಳೆದದ್ದನ್ನು ಹೇಗೆ ಹೇಳಲಿ,
ಇಷ್ಟುದ್ದದ ಸೀರೆಯನ್ನು
ಈಗ, ಈ ಕ್ಷಣ, ಎಷ್ಟು ಬೆಳೆದೆ ಎಂದು ಕೇಳಿದರೆ
ಅದಕ್ಕೆ ಗೊತ್ತಿರುವುದು ಆ ಒಂದೆಳೆ ಮಾತ್ರ.
ಹಿಂದಿನ ಸಾವಿರಾರು ಸುಮ್ಮನಿರುತ್ತವೆ.
ಕೆಳಗಿನ ಏರು ಅಂದರೆ ಮೇಲಿನ ಎತ್ತರ.
ಕೂಡಿಟ್ಟದ್ದನ್ನು ಕೆದಕಿದರೆ ಸಿಕ್ಕುವುದು ಕೂಡಿಸುತ್ತಿದ್ದ ಕೈ.

"ಇದಕ್ಕ ಹೆಸರೈತೇನ?"
ಕಲನಶಾಸ್ತ್ರದ ಮೂಲಭೂತ ಪ್ರಮೇಯ, ಅಂದೆ.
ಅಷ್ಟು ಹೇಳಲು ಎರಡು ಉಸಿರು ಬೇಕಾಯಿತು.
ಅವಳ ಕಣ್ಣು ಗೂಟಕ್ಕೆ ತೂಗಿದ ಸೆರಗಿನ ಕೆಂಪು ಹಾಸಿನ ಮೇಲೆ;
ನಾಳೆ ಅದನ್ನು ಮೈಯ ಹಾಸಿಗೆ
ಎಳೆಗೆ ಎಳೆ ಸಿಕ್ಕಿಸಬೇಕು.
"ಪೆನ್ಸಿಲ್ ಹೆರಕೋ. ಉಂಡ ಮ್ಯಾಲ ಜೋರ್ ಹಾಕ್ತೀನಿ."